ಉಪೇಕ್ಷೆಯೆಂಬ ಪ್ರೀತಿ

ಹುಟ್ಟುಹಬ್ಬವೆಂಬ ಮಾತು ನಮ್ಮ ಸೀಮೆಯ ಮನೆಗಳಲ್ಲಿ ಬಳಕೆಗೆ ಬಂದು ಬಹಳ ವರುಷಗಳಾಗಿಲ್ಲ. ನಾವು ಚಿಕ್ಕವರಿದ್ದಾಗ ಅದಕ್ಕೆ ವರ್ಧಂತಿಯೆಂದು ಹೆಸರು. ಅಂದು ಬೆಳಿಗ್ಗೆ ಮಕ್ಕಳಿಗೆ ಎಣ್ಣೆ ಹಚ್ಚಿ ಎರೆಯುವರು. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂಬ ಏಳು ಮಂದಿ ಚಿರಂಜೀವಿಗಳನ್ನೂ ಎಂಟನೆಯವನಾದ ಮಾರ್ಕಂಡೇಯನನ್ನೂ ಸ್ಮರಿಸುವರು. ಎಳ್ಳು ಬೆಲ್ಲ ಕೂಡಿಸಿದ ಹಾಲನ್ನು ಕುಡಿಸುವರು. ಬಳಿಕ ಕೂಸಿನ ಕೈಯನ್ನು ಮುಟ್ಟಿಸಿ ಏನಾದರೊಂದು ದಾನವನ್ನು ಕೊಡಿಸಿ, ದನಕ್ಕೆ ಹಸಿಯ ಮೇವನ್ನು ಹಾಕಿಸುವರು. ಒಟ್ಟಿನಲ್ಲಿ ಅದು ಕೊಡುವ ದಿನವಾಗಿದ್ದಿತು. ಈಗ ಅದು ಪಡೆಯುವ ದಿನವಾಗಿರುವದು. ಇಷ್ಟು ಹೇಳಿದ ಮಾತ್ರಕ್ಕೆ, ಮುದುಕನೊಬ್ಬನು ತನ್ನ ಕಾಲವನ್ನು ಹೊಗಳಿ ಈಗಿನ ಕಾಲವನ್ನು ಹಳಿಯಲು ಕುಳಿತನೆಂದು ವಾಚಕರು ತಿಳಿಯಬಾರದು. ನಾನು ಹೇಳಹೊರಟಿರುವದು ನನ್ನಿಂದಲೇ ಆದ ಒಂದು ತಪ್ಪಿನ ಸಂಗತಿ. ಅದನ್ನು ನನಗೆ ತೋರಿಸಿಕೊಟ್ಟವಳು ಈ ಕಾಲದ ಒಂದು ಹುಡುಗಿ.

ನನ್ನ ಹಿರಿಯ ಮಗನು ಉದ್ಯೋಗದ ನಿಮಿತ್ತವಾಗಿ ಅಮೇರಿಕದ ಫ್ಲಾರಿಡಾ ಸಂಸ್ಥಾನದಲ್ಲಿ ಸಂಸಾರಸಮೇತನಾಗಿ ಇರುವನು. ಹಿಂದಿನ ಮಾಘಮಾಸದಲ್ಲಿ ಅವನ ಮಗಳಿಗೆ ಹನ್ನೊಂದು ವರುಷ ತುಂಬಿತು. ಆಗ ಅವಳು ಬೇಡಿದ ಉಡುಗೊರೆ ಅರಿವೆಯಲ್ಲ, ಆಟಿಗೆಯಲ್ಲ. ಕ್ರಿಸ್ಟಲ್ ರಿವರ್ ಎಂಬ ಊರಿಗೆ ಹೋಗಿ, ಅಲ್ಲಿಯ ನೀರಿನಲ್ಲಿ ಸ್ವತಂತ್ರವಾಗಿ ಬಾಳುವ ಮ್ಯಾನಟೀ ಎಂಬ ಪ್ರಾಣಿಗಳ ಜೊತೆಯಲ್ಲಿ ಈಜಬೇಕೆಂಬುವದೇ ಅವಳ ಆಸೆ. ಅವಳ ಶಾಲೆಯ ಗೆಳತಿಯೊಬ್ಬಳು, ಹಾಗೆ ಮಾಡುವದು ಪ್ರಾಣಿಗಳಿಗೆ ಹಿಂಸೆಯೆಂದು ವಾದಿಸಿದ್ದಳಂತೆ. ಆದ್ದರಿಂದ ಮಗುವು ದೂರವಾಣಿಯಲ್ಲಿ ನನ್ನನ್ನು ಕೇಳಿತು: “ಅಜ್ಜಾ, ನಾ ಹೋಗಬೇಕೋ ಬ್ಯಾಡೋ? ನೀ ಶಾಸ್ತ್ರ ಓದೀದಿ, ನೀನೇ ಹೇಳು.” ನಾನು ಪೂರ್ವಾಪರವನ್ನು ವಿಚಾರಿಸದೆ ನಕ್ಕು, “ಜಳಕದಾಗ ಎಂಥಾ ಹಿಂಸಾ? ಹೋಗಿ ಬಾರವ್ವಾ” ಎಂದುಬಿಟ್ಟೆನು. ಧರ್ಮಸಂಶಯವನ್ನು ಕೇಳಿದವರಿಗೆ ನಗುತ್ತ ಉತ್ತರ ಕೊಡಬಾರದೆಂಬುವದನ್ನು ನಲವತ್ತು ವರುಷ ಪಾಠ ಹೇಳಿದವನು ಮರೆತಿದ್ದೆನು.

ಆ ಪ್ರಾಣಿಯ ಸ್ವರೂಪವನ್ನು ತುಸು ಹೇಳದಿದ್ದರೆ ಮುಂದಿನ ವಿಚಾರವು ತಿಳಿಯಲಾರದು. ಮ್ಯಾನಟೀ ಮೀನಲ್ಲ, ಮೊಲೆಯುಣಿಸುವ ಪ್ರಾಣಿ. ಕಡಲಹಸುವೆಂದರೆ ನಮ್ಮವರಿಗೆ ಸುಲಭವಾಗಿ ತಿಳಿದೀತು. ಬೆಳೆದದ್ದು ಸುಮಾರು 10 ಅಡಿ ಉದ್ದವಿದ್ದು, 400ರಿಂದ 550 ಕಿಲೋ ತೂಗುವದು. ಅದರ ಆಹಾರ ನೀರಿನೊಳಗಿನ ಹುಲ್ಲು. ಪ್ರಾಣಿಶಾಸ್ತ್ರಜ್ಞರು ಅದನ್ನು ಆನೆಯ ದೂರದ ದಾಯಾದಿಯೆಂದು ಹೇಳುವರು. ಅದರ ಈಜುಕೈಗಳ ತುದಿಗೆ ಆನೆಯ ಕಾಲಿಗಿರುವಂಥ ಉಗುರುಗಳಿರುವವು. ಉಸಿರಾಡುವ ಸಲುವಾಗಿ ಮೂರರಿಂದ ಐದು ನಿಮಿಷಕ್ಕೊಮ್ಮೆ ಮೂಗನ್ನು ನೀರಿನ ಮೇಲಕ್ಕೆ ಎತ್ತುವದು. ವಿಶ್ರಮಿಸುವಾಗ ಇಪ್ಪತ್ತು ನಿಮಿಷದವರೆಗೂ ತಳದಲ್ಲಿ ಸುಮ್ಮನೆ ಬಿದ್ದಿರಬಲ್ಲದು. ಸುಮಾರು ಒಂದು ವರುಷ ಗರ್ಭವನ್ನು ಹೊತ್ತು, ಎರಡರಿಂದ ಐದು ವರುಷಗಳಿಗೊಮ್ಮೆ ಸಾಮಾನ್ಯವಾಗಿ ಒಂದೇ ಮರಿಯನ್ನು ಈಯುವದು. ಆ ಮರಿಗೆ ಮೊಲೆಯು ತಾಯಿಯ ಬಗಲಿನಲ್ಲಿರುವದು. ಅದಕ್ಕೆ ಕೋರೆಯಿಲ್ಲ, ಕೋಡಿಲ್ಲ, ಓಡಿಸುವವರನ್ನು ತಿರುಗಿ ಓಡಿಸುವ ಸ್ವಭಾವವೂ ಇಲ್ಲ.

ಇಷ್ಟು ದೊಡ್ಡ ಶರೀರವಿದ್ದರೂ ಅದಕ್ಕೆ ಚಳಿಯನ್ನು ತಡೆಯುವ ಶಕ್ತಿ ಕಡಿಮೆ. ನೀರಿನ ಉಷ್ಣತೆಯು 20 ಡಿಗ್ರಿಗಿಂತ ಕೆಳಗಿಳಿದು ಹಾಗೆಯೇ ನಿಂತರೆ ಅದು ಬೇನೆ ಬಿದ್ದು ಸಾಯುವದು. ಕ್ರಿಸ್ಟಲ್ ರಿವರ್ ಇರುವದು ಸಿಟ್ರಸ್ ಎಂಬ ಜಿಲ್ಲೆಯಲ್ಲಿ. ಅಂದರೆ ನಮ್ಮ ಇಂಡಿಯ ಲಿಂಬೆಯ ಜಾತಿಯನ್ನೇ ಹೆಸರಾಗಿ ಪಡೆದ ಸೀಮೆಯಲ್ಲಿ. ಅಲ್ಲಿ ನೆಲದೊಳಗಿಂದ ಏಳುವ ಬುಗ್ಗೆಗಳ ನೀರು ವರುಷದ ಹನ್ನೆರಡು ತಿಂಗಳೂ ಸುಮಾರು 22 ಡಿಗ್ರಿಯಷ್ಟೇ ಬೆಚ್ಚಗಿರುವದು. ಆದ್ದರಿಂದ ಚಳಿಗಾಲ ಬಂದೊಡನೆ ಕಡಲಲ್ಲಿದ್ದ ನೂರಾರು ಮ್ಯಾನಟೀಗಳು ಆ ಬುಗ್ಗೆಗಳಿಗೆ ಬಂದು ಸೇರುವವು. ಅವು ಬರುವದು ವಿಹಾರಕ್ಕಲ್ಲ, ಜೀವ ಉಳಿಸಿಕೊಳ್ಳುವದಕ್ಕೆ. ಮನುಷ್ಯರು ಅಲ್ಲಿಗೆ ಹೋಗುವದೂ ಅದೇ ಕಾಲದಲ್ಲಿ. ಯಾಕಂದರೆ ಆಗಲೇ ಅವು ಹೆಚ್ಚಾಗಿ ಕಾಣಸಿಗುವವು.

ಆ ಸರಕಾರದವರು ಇದನ್ನು ಅರಿಯದವರಲ್ಲ. 1983ರಲ್ಲಿ ಆ ನೀರನ್ನು ಮ್ಯಾನಟೀಗಳ ಆಶ್ರಯಸ್ಥಾನವೆಂದು ಸ್ಥಾಪಿಸಿದರು. ತ್ರೀ ಸಿಸ್ಟರ್ಸ್ ಎಂಬ ಬುಗ್ಗೆಗಳ ಸುತ್ತಲಿನ ಭೂಮಿಯಲ್ಲಿ ಮನೆಗಳು ಏಳುವವೆಂಬ ಭಯವಿದ್ದುದರಿಂದ, 2010ರಲ್ಲಿ ಜನರ ಕಾಣಿಕೆ ಮತ್ತು ಸರಕಾರದ ಹಣ ಎರಡನ್ನೂ ಕೂಡಿಸಿ ಅದನ್ನು ಕೊಂಡು ಉಳಿಸಿದರು. 2012ರ ನಿಯಮಗಳ ಪ್ರಕಾರ ಮ್ಯಾನಟೀಯನ್ನು ಬೆನ್ನಟ್ಟುವದು, ಮಲಗಿದ್ದನ್ನು ಅಥವಾ ಮೇಯುವದನ್ನು ಕದಲಿಸುವದು, ಸುತ್ತುಗಟ್ಟುವದು, ಅದರ ಮೇಲೆ ಏರುವದು, ತಾಯಿ ಮರಿಗಳನ್ನು ಅಗಲಿಸುವದು, ಇವೆಲ್ಲ ಅಲ್ಲಿ ನಿಷಿದ್ಧ. ಚಳಿ ಬಹಳವಾದ ದಿನಗಳಲ್ಲಿ ಬುಗ್ಗೆಗಳನ್ನೇ ಈಜುಗಾರರಿಗೆ ಮುಚ್ಚಿಬಿಡುವರು. ಇಷ್ಟಕ್ಕೆ ಒಳಪಟ್ಟು, ನೀರಿನ ಮೇಲೆ ಸುಮ್ಮನೆ ತೇಲುತ್ತ ನೋಡುವವರಿಗೆ ಮಾತ್ರ ಅಪ್ಪಣೆಯುಂಟು.

ಹೀಗಿರಲು ವರ್ಧಂತಿಯ ದಿನ ಮಗುವು ಹೋಗಿ ಬಂದಿತು. ಸಂತೋಷದ ಸುದ್ದಿಯನ್ನು ಕೇಳಬೇಕೆಂದು ನಾನೂ ನನ್ನ ಮನೆಯವರೂ ದೂರವಾಣಿಯ ಮುಂದೆ ಕುಳಿತಿದ್ದೆವು. ಅದರ ಮುಖ ಸಪ್ಪಗಿದ್ದಿತು. ಕೇಳಿದ ಮೇಲೆ ಹೇಳಿದ್ದಿಷ್ಟು: ಅವರ ದೋಣಿಯಲ್ಲಿ ಎಂಟು ಹತ್ತು ಜನರಿದ್ದರು. ಬೆಳಗಿನ ಹೊತ್ತಿನಲ್ಲಿ ತಾಯಿಯೊಂದು ಮರಿಯೊಡನೆ ಬುಗ್ಗೆಯ ಬಾಯಿಯ ಹತ್ತಿರ ಮಲಗಿದ್ದಿತು. ಎಲ್ಲರೂ ಮೊದಲು ದೂರದಲ್ಲಿಯೇ ತೇಲಿದರು. ಆಮೇಲೆ ಒಬ್ಬರು ಚಿತ್ರ ತೆಗೆಯಲು ಸ್ವಲ್ಪ ಮುಂದಾದರು; ಅವರನ್ನು ನೋಡಿ ಮತ್ತೊಬ್ಬರು; ಅವರ ಹಿಂದೆ ನಮ್ಮ ಮಗುವೂ. ಯಾರೂ ಮುಟ್ಟಲಿಲ್ಲ, ಯಾರೂ ಬೆನ್ನಟ್ಟಲಿಲ್ಲ. ಆದರೆ ತಾಯಿಯು ಎಚ್ಚತ್ತು, ಮರಿಯನ್ನು ಬಗಲಿಗೆ ತೆಗೆದುಕೊಂಡು, ಬೆಚ್ಚಗಿನ ನೀರನ್ನು ಬಿಟ್ಟು ಹೊರಗಿನ ಕಾಲುವೆಯ ಕಡೆಗೆ ಹೊರಟುಹೋಯಿತು. ಅದರ ಬೆನ್ನಿನ ಮೇಲೆ ದೋಣಿಯ ಚಕ್ರವು ಕೊಯ್ದ ಹಳೆಯ ಗಾಯದ ಗೆರೆಗಳಿದ್ದವಂತೆ. “ಹೊರಗ ನೀರು ತಣ್ಣಗಿತ್ತು, ಅಜ್ಜಾ. ನಾವು ಅದನ್ನ ಅದರ ಮನ್ಯಾಗಿಂದ ಎಬ್ಬಿಸಿ ಕಳಿಸಿಧಾಂಗ ಆತಲ್ಲಾ?” ಎಂದು ಮಗುವು ಕೇಳಿತು. ನನಗೆ ಉತ್ತರ ಹೊಳೆಯಲಿಲ್ಲ. ಹೋಗಿ ಬಾ ಎಂದವನು ನಾನೇ ಅಲ್ಲವೇ?

ಆ ರಾತ್ರಿ ನಿದ್ರೆ ಬರಲಿಲ್ಲ. ಮಗುವಿನ ಮಾತಿನ ಬೆನ್ನ ಹಿಂದೆಯೇ, ನಾನು ಮರೆತೆನೆಂದು ಭಾವಿಸಿದ್ದ ಇನ್ನೊಂದು ಮಗುವಿನ ಮಾತು ನೆನಪಿಗೆ ಬಂದಿತು. ಮೊದಲು ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದು ಈಗ ನಿಡಗುಂದಿ ತಾಲೂಕಿಗೆ ಸೇರಿರುವ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಾದ ಮೇಲೆ, ಹಿನ್ನೀರಿನ ಅಂಚಿಗೆ ಚಳಿಗಾಲದಲ್ಲಿ ದೂರದೇಶದ ಪಕ್ಷಿಗಳು ಬರತೊಡಗಿದವು. ಅವುಗಳಲ್ಲಿ ಪಟ್ಟೆತಲೆಯ ಹೆಬ್ಬಾತು ಒಂದು. ಅದು ಮಂಗೋಲಿಯ ಮತ್ತು ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಹಕ್ಕಿ. ನಾನು ನಿವೃತ್ತನಾಗುವದಕ್ಕೆ ಐದಾರು ವರುಷ ಮೊದಲು, ಏಳನೆಯ ಇಯತ್ತೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆನು. ಹಕ್ಕಿಗಳು ದಂಡೆಯ ಹೊಲದಲ್ಲಿ ಹಿಂಡುಗಟ್ಟಿ ಕುಳಿತಿದ್ದವು. ಮಕ್ಕಳಿಗೆ ಅವುಗಳ ಹಾರಾಟವನ್ನು ತೋರಿಸಬೇಕೆಂದು ನಾನು, “ಒಂದು, ಎರಡು, ಮೂರು ಅಂದ ಕೂಡಲೆ ಎಲ್ಲರೂ ಚಪ್ಪಾಳೆ ತಟ್ಟಿರಿ” ಎಂದು ಅಪ್ಪಣೆ ಕೊಟ್ಟೆನು. ಹಿಂಡು ಒಮ್ಮೆಲೆ ಎದ್ದಿತು. ಮಕ್ಕಳು ಹೋ ಎಂದು ಕುಣಿದರು. ನನಗೂ ನನ್ನ ಜಾಣತನದ ಬಗ್ಗೆ ಹಿಗ್ಗಾಯಿತು. ಆಗ ಕುರಿ ಕಾಯುವವರ ಮನೆಯ ಹುಡುಗನೊಬ್ಬನು ಮೆಲ್ಲಗೆ, “ಸರ, ಅವು ಮೇಯಾಕತ್ತಿದ್ವಲ್ಲರೀ” ಎಂದನು. ನಾನು ಅವನನ್ನು ಸುಮ್ಮನಿರೆಂದು ಗದರಿಸಿದೆನು.

ಅವನಿಗೆ ತಿಳಿದಿದ್ದಿತು. ಮೇಯುವ ಜೀವವನ್ನು ಎಬ್ಬಿಸಬಾರದೆಂಬುವದು ಅವನ ಮನೆಯಲ್ಲಿ ಹಿರಿಯರಿಂದ ನಡೆದು ಬಂದ ವಿದ್ಯೆ. ಸಾವಿರಾರು ಹರದಾರಿ ಹಾರಿ ಬಂದ ಹಕ್ಕಿಯು ತಿರುಗಿ ಹಾರಿ ಹೋಗುವ ಶಕ್ತಿಯನ್ನು ಕಾಳು ಕಾಳಾಗಿ ಕೂಡಿಸುತ್ತಿರುವಾಗ, ಅದರಲ್ಲಿ ಒಂದಿಷ್ಟನ್ನು ನನ್ನ ಪಾಠದ ಸೊಗಸಿಗೆ ನಾನು ವೆಚ್ಚ ಮಾಡಿದೆನು. ಆ ವೆಚ್ಚ ಅದರದು, ಸಂತೋಷ ನನ್ನದು. ಮೊಮ್ಮಗಳ ಬುಗ್ಗೆಯಲ್ಲಿ ಆದದ್ದೂ ಇದೇ. ಹಾಗಾದರೆ ವಿಚಾರಿಸತಕ್ಕ ಪ್ರಶ್ನೆಯೇನಂದರೆ: ಒಂದು ಪ್ರಾಣಿಯನ್ನು ಪ್ರೀತಿಸುವವನಿಗೆ ಅದರ ಹತ್ತಿರ ಹೋಗುವ ಅಧಿಕಾರವು ಆ ಪ್ರೀತಿಯಿಂದಲೇ ಬರುವದೋ, ಬಾರದೋ?

ಇಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಮೊದಲನೆಯದಾಗಿ, ಕಾಣದ್ದರಲ್ಲಿ ಪ್ರೀತಿ ಹುಟ್ಟಲಾರದು, ಪ್ರೀತಿಯಿಲ್ಲದೆ ರಕ್ಷಣೆಯಾಗಲಾರದು. ಬುಗ್ಗೆಯ ಭೂಮಿಯನ್ನು ಕೊಂಡು ಉಳಿಸಲು ಜನರು ಹಣ ಕೊಟ್ಟದ್ದು ಆ ಪ್ರಾಣಿಯನ್ನು ಅವರು ಕಂಡು ಮೆಚ್ಚಿದ್ದರಿಂದಲೇ ಅಲ್ಲವೇ? ಕಾಣದೆ ಹೋದ ಪ್ರಾಣಿಯ ಗತಿಯೇನಾಗುವದೆಂಬುವದಕ್ಕೆ ಇದೇ ಕುಲದಲ್ಲಿ ಒಂದು ನಿದರ್ಶನವಿದೆ. 1741ರಲ್ಲಿ ಬೇರಿಂಗನ ನೌಕಾಯಾತ್ರೆಯಲ್ಲಿದ್ದ ಸ್ಟೆಲ್ಲರ್ ಎಂಬ ವಿದ್ವಾಂಸನು ಉತ್ತರ ಶಾಂತಸಾಗರದ ನಿರ್ಜನ ದ್ವೀಪವೊಂದರ ಬಳಿ ಮ್ಯಾನಟೀಯ ಬಂಧುವಾದ ಭಾರಿಯ ಕಡಲಹಸುವನ್ನು ಕಂಡು ಬರೆದಿಟ್ಟನು. ಹೆಣ್ಣನ್ನು ಕೊಂದು ದಂಡೆಗೆ ಎಳೆದ ಮೇಲೆ ಅದರ ಗಂಡು ಎರಡು ದಿನ ಅದೇ ದಂಡೆಗೆ ಬಂದುದನ್ನೂ ಅವನು ದಾಖಲಿಸಿರುವನು. ಬೇಟೆಗಾರರು ಮಾಂಸದ ಆಸೆಯಿಂದ ಅವುಗಳನ್ನು ಕೊಲ್ಲುತ್ತ ಹೋದರು. 1768ರ ಹೊತ್ತಿಗೆ, ಅಂದರೆ 27 ವರುಷಗಳಲ್ಲಿ, ಆ ಕುಲವೇ ಅಳಿಯಿತು. ಅದನ್ನು ನೋಡಿ ಮರುಗಿ ಬೇಡವೆನ್ನುವ ಜನವು ಅಲ್ಲಿ ಇರಲಿಲ್ಲ.

ಎರಡನೆಯದಾಗಿ, ಈಜುವವರಿಂದ ಆಗುವ ತೊಂದರೆಯು ಬೇರೆ ಕೇಡುಗಳ ಮುಂದೆ ಎಷ್ಟರದು? 2021ರಲ್ಲಿ ಫ್ಲಾರಿಡಾದಲ್ಲಿ 1,100ಕ್ಕೂ ಹೆಚ್ಚು ಮ್ಯಾನಟೀಗಳು ಸತ್ತವು. ಅವುಗಳಲ್ಲಿ ಬಹಳಷ್ಟು ಸತ್ತದ್ದು ಹಸಿವೆಯಿಂದ. ಪೂರ್ವ ದಂಡೆಯ ಇಂಡಿಯನ್ ರಿವರ್ ಎಂಬ ಹಿನ್ನೀರಿಗೆ ಮನೆಗಳ ಹೊಲಸು ನೀರೂ ತೋಟಗಳ ಗೊಬ್ಬರವೂ ವರುಷಾನುವರುಷ ಹರಿದು ಬಂದು, ಪಾಚಿ ಬೆಳೆದು, ಬಿಸಿಲು ತಳವನ್ನು ಮುಟ್ಟದಾಗಿ, ನೀರೊಳಗಿನ ಹುಲ್ಲುಗಾವಲು ಸತ್ತುಹೋಗಿದ್ದಿತು. ಆ ಪ್ರಾಣಿಗಳನ್ನು ಕೊಂದವರಲ್ಲಿ ಅನೇಕರು ತಮ್ಮ ಜನ್ಮದಲ್ಲಿ ಮ್ಯಾನಟೀಯನ್ನು ಎಬ್ಬಿಸಿದವರಲ್ಲ. ತಮ್ಮ ಅಂಗಳದ ಹುಲ್ಲು ಹಸಿರಾಗಿರಲೆಂದು ಗೊಬ್ಬರ ಚೆಲ್ಲಿದವರು. ಅಂದಬಳಿಕ ಹನ್ನೊಂದು ವರುಷದ ಹುಡುಗಿಯ ಜಳಕವನ್ನು ಹಿಡಿದು ಕೂಡ್ರುವದು ಹುಲಿಯನ್ನು ಬಿಟ್ಟು ಇರುವೆಯನ್ನು ವಿಚಾರಿಸಿದಂತಲ್ಲವೇ?

ಈ ಎರಡೂ ಮಾತುಗಳಲ್ಲಿ ಸತ್ಯವಿದೆ; ಆದರೂ ಅವುಗಳಿಂದ ನನ್ನ ಪ್ರಶ್ನೆಗೆ ಉತ್ತರ ಸಿಕ್ಕುವದಿಲ್ಲ. ದೊಡ್ಡ ಪಾಪಗಳಿರುವವೆಂಬ ಕಾರಣದಿಂದ ಸಣ್ಣ ತಪ್ಪು ತಪ್ಪಲ್ಲವೆಂದಾಗದು. ಇನ್ನು, ಕಂಡಲ್ಲದೆ ಪ್ರೀತಿ ಹುಟ್ಟದೆಂಬುವದು ಅರ್ಧ ನಿಜ. ಕಾಣುವದು ಬೇರೆ, ಪಡೆಯುವದು ಬೇರೆ. ನನ್ನ ಮಕ್ಕಳು ಹೆಬ್ಬಾತುಗಳನ್ನು ಚಪ್ಪಾಳೆಗಿಂತ ಮೊದಲೇ ಕಂಡಿದ್ದರು. ಚಪ್ಪಾಳೆಯಿಂದ ಅವರಿಗೆ ಹೆಚ್ಚಾಗಿ ದೊರೆತದ್ದು ಹಕ್ಕಿಯ ಪರಿಚಯವಲ್ಲ. ತಮ್ಮ ಕೈಯ ಸದ್ದಿಗೆ ಆಕಾಶವೇ ಎದ್ದಿತೆಂಬ ಹಮ್ಮು. ಬುಗ್ಗೆಯಲ್ಲಿ ತೇಲಿದವರಾದರೂ ದೂರದಿಂದ ತಾಯಿ ಮರಿಗಳನ್ನು ಕಣ್ಣು ತುಂಬ ಕಂಡೇ ಇದ್ದರು. ಅಲ್ಲಿಂದ ಮುಂದೆ ಸರಿದ ಹತ್ತು ಮೊಳದಲ್ಲಿ ಅವರು ಬೇಡಿದ್ದು ನೋಟವನ್ನಲ್ಲ. “ನಾನು ಇದರ ಹತ್ತಿರ ಇದ್ದೆನು” ಎಂಬ ತಮ್ಮ ಸುದ್ದಿಯನ್ನು. ಪ್ರೀತಿಯು ಎಲ್ಲಿಗೆ ಮುಗಿದು ಲೋಭವು ಎಲ್ಲಿಂದ ತೊಡಗುವದೆಂದು ಕೇಳಿದರೆ, ಆ ಹತ್ತು ಮೊಳವನ್ನು ತೋರಿಸಬೇಕು.

ಸಂಸ್ಕೃತದಲ್ಲಿ ನೋಡುವದೆಂಬ ಅರ್ಥದ ಈಕ್ಷ್ ಧಾತುವಿಗೆ ಬೇರೆ ಬೇರೆ ಉಪಸರ್ಗಗಳು ಸೇರಿ ಅಪೇಕ್ಷೆ, ಪರೀಕ್ಷೆ, ನಿರೀಕ್ಷೆ, ಪ್ರತೀಕ್ಷೆ, ಉಪೇಕ್ಷೆ ಎಂಬ ಶಬ್ದಗಳಾಗಿರುವವು. ಕಣ್ಣು ಒಂದೇ, ನೋಡುವ ಬಗೆ ಬೇರೆ. ನಾನು ಪಾಠಶಾಲೆಯಲ್ಲಿ ಇವನ್ನು ಬಾಯಿಪಾಠ ಮಾಡಿದ್ದೆನು. ಅರ್ಥವನ್ನು ಮುಪ್ಪಿನಲ್ಲಿ ತಿಳಿಯುತ್ತಿರುವೆನು. ಅಪೇಕ್ಷೆಯಿಂದ ನೋಡುವವನು ವಸ್ತುವನ್ನು ನೋಡುವದಿಲ್ಲ; ಅದರಿಂದ ತನಗೆ ಬರತಕ್ಕದ್ದನ್ನು ನೋಡುವನು. ಉಪೇಕ್ಷೆಯೆಂಬ ಶಬ್ದಕ್ಕಾದರೋ ನಮ್ಮ ರೂಢಿಯಲ್ಲಿ ಅಲಕ್ಷ್ಯವೆಂಬ ಒಂದೇ ಅರ್ಥ ಉಳಿದಿರುವದು. ಆದರೆ ಉಪ ಎಂದರೆ ಸಮೀಪ. ಸಮೀಪದಲ್ಲಿದ್ದು ನೋಡುವದು, ಕೈ ಹಾಕದೆ ನೋಡುವದು, ಇದು ಆ ಶಬ್ದದ ಮೂಲಧ್ವನಿ. ಪತಂಜಲಿಯ ಯೋಗಶಾಸ್ತ್ರದಲ್ಲಿ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂದು ಚಿತ್ತವನ್ನು ತಿಳಿಗೊಳಿಸುವ ನಾಲ್ಕು ಭಾವನೆಗಳಿರುವವು. ಅಲ್ಲಿ ಉಪೇಕ್ಷೆಯನ್ನು ಹೇಳಿರುವದು ಪುಣ್ಯವಿಲ್ಲದವರ ವಿಷಯದಲ್ಲಿ ಎಂಬುವದನ್ನು ನಾನು ಮರೆಮಾಡುವದಿಲ್ಲ. ಬೌದ್ಧರು ಮಾತ್ರ ಅದನ್ನು ಸಕಲ ಜೀವಿಗಳ ವಿಷಯದಲ್ಲಿಯೂ ಹೇಳಿ, ಮೈತ್ರಿ ಕರುಣೆಗಳ ಸಾಲಿನಲ್ಲಿಯೇ ಇಟ್ಟಿರುವರು. ನನಗೆ ಇಲ್ಲಿ ಬೌದ್ಧರ ಮಾತೇ ಹೆಚ್ಚು ಒಪ್ಪುವದು. ಮೈತ್ರಿಯು ಕೈ ಚಾಚುವದು, ಕರುಣೆಯು ಎತ್ತಿಕೊಳ್ಳುವದು, ಮುದಿತೆಯು ಕೂಡಿ ನಗುವದು. ಇವು ಮೂರೂ ಮನುಷ್ಯರ ನಡುವೆ ಬೇಕು. ಆದರೆ ನಮ್ಮ ಕೈಯನ್ನು ಬೇಡದ ಜೀವದ ಮುಂದೆ ಇವು ಮೂರೂ ಕೂಡಿ ನಾಲ್ಕನೆಯದರಲ್ಲಿ ಅಡಗಬೇಕು. ಬಿಡುವದೂ ಒಂದು ಪ್ರೀತಿಯೇ.

ಇದು ನಮ್ಮ ಮನೆಗಳಲ್ಲಿ ಇಲ್ಲದ ಧರ್ಮವಲ್ಲ. ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೆಂಬುವದೊಂದು ಉಂಟು. ಗೃಹಸ್ಥನು ಉಣ್ಣುವದಕ್ಕೆ ಮೊದಲು ಪ್ರಾಣಿಗಳ ಪಾಲಿನ ಅನ್ನವನ್ನು ಹೊರಗಿಡಬೇಕು. ನಮ್ಮ ತಂದೆಯವರು ಕಾಗೆಯ ಬಲಿಯನ್ನಿಟ್ಟು ಒಳಗೆ ಬಂದುಬಿಡುತ್ತಿದ್ದರು. ನಾನು ಹುಡುಗ ಬುದ್ಧಿಯಿಂದ ಅಲ್ಲಿಯೇ ನಿಂತರೆ, “ನೀ ನಿಂತರ ಅದು ಹ್ಯಾಂಗ ಬರಬೇಕೋ? ಒಳಗ ಬಾ” ಎನ್ನುತ್ತಿದ್ದರು. ಅನ್ನವನ್ನು ಇಡುವದು ಯಜ್ಞದ ಅರ್ಧಭಾಗ. ಹಿಂದೆ ಸರಿಯುವದು ಉಳಿದ ಅರ್ಧ. ಕಾಗೆಯು ಬಂದು ಉಂಡಿತೋ ಇಲ್ಲವೋ ಎಂದು ನೋಡಿ ಹಿಗ್ಗುವದಕ್ಕೂ ಅವರು ನಿಲ್ಲುತ್ತಿರಲಿಲ್ಲ. ವರ್ಧಂತಿಯ ದಿನ ದನಕ್ಕೆ ಹಾಕುವ ಮೇವಿನಲ್ಲಿಯೂ ಇದೇ ತತ್ವವಿದ್ದಿತು: ಒಂದು ವರುಷ ಬದುಕಿದೆನು, ಆ ಬದುಕಿನಲ್ಲಿ ನಿಮ್ಮ ಋಣವಿದೆ, ಇದೋ ನಿಮ್ಮ ಪಾಲು, ಉಣ್ಣಿರಿ ಎಂಬುವದು. ನೀವು ಬಂದು ನನ್ನನ್ನು ರಂಜಿಸಿರಿ ಎಂಬುವದಲ್ಲ.

ಹಾಗಾದರೆ ಎಂದಿಗೂ ಮುಟ್ಟಲೇಬಾರದೋ? ಇದಕ್ಕೆ ನಮ್ಮ ದೇಶದಲ್ಲಿಯೇ ಉತ್ತರವಿದೆ. ಮ್ಯಾನಟೀಯ ಬಂಧುವಾದ ಡುಗಾಂಗ್ ಎಂಬ ಕಡಲಹಸುವು ಭಾರತದ ಸಮುದ್ರಗಳಲ್ಲಿ ಮನ್ನಾರ್ ಖಾರಿ, ಪಾಕ್ ಖಾರಿ, ಕಚ್ಛದ ಖಾರಿ ಹಾಗೂ ಅಂಡಮಾನ್ ನಿಕೋಬಾರ್ ದ್ವೀಪಗಳ ಬಳಿ ಇನ್ನೂ ಅಲ್ಪಸ್ವಲ್ಪವಾಗಿ ಉಳಿದಿರುವದು. ತಮಿಳರು ಅದನ್ನು ಕಡಲ್ ಪಸು ಎಂದೇ ಕರೆಯುವರು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಅದಕ್ಕೆ ಹುಲಿ ಆನೆಗಳ ಸಾಲಿನ ರಕ್ಷಣೆಯನ್ನು ಕೊಟ್ಟಿರುವದು. 2022ರಲ್ಲಿ ತಮಿಳುನಾಡಿನ ಸರಕಾರವು ಪಾಕ್ ಖಾರಿಯಲ್ಲಿ 448 ಚದರ ಕಿಲೋಮೀಟರಿನಷ್ಟು ಕಡಲನ್ನು ಡುಗಾಂಗಿನ ಸಂರಕ್ಷಣೆಗೆ ಮೀಸಲಿಟ್ಟಿತು. ಅಲ್ಲಿಯ ಬೆಸ್ತರು, ಬಲೆಯಲ್ಲಿ ಅಕಸ್ಮಾತ್ತಾಗಿ ಸಿಕ್ಕ ಡುಗಾಂಗನ್ನು ಬಲೆ ಹರಿದು ನಷ್ಟವಾದರೂ ಬಿಡಿಸಿ ತಿರುಗಿ ಕಡಲಿಗೆ ಬಿಟ್ಟ ಉದಾಹರಣೆಗಳಿವೆ. ಅಂಥವರನ್ನು ಅರಣ್ಯ ಇಲಾಖೆಯವರು ಸನ್ಮಾನಿಸಿರುವರು. ಆ ಬೆಸ್ತರ ಕೈ ಕಡಲಹಸುವನ್ನು ಮುಟ್ಟಿದ್ದು ನಿಜ. ಆದರೆ ಅವರು ಬಿಡುವ ಸಲುವಾಗಿ ಮುಟ್ಟಿದರು. ಮುಟ್ಟುವದರ ಧರ್ಮಾಧರ್ಮವು ಕೈಯಲ್ಲಿ ಇಲ್ಲ. ಮುಟ್ಟಿದ ಮೇಲೆ ಯಾರಿಗೆ ಏನು ಉಳಿಯಿತೆಂಬುವದರಲ್ಲಿದೆ.

ಉಪೇಕ್ಷೆಯನ್ನು ಹೊಗಳುವಾಗ ಒಂದು ಎಚ್ಚರಿಕೆ ಅವಶ್ಯ. ಹಿಂದೆ ಸರಿಯುವದೆಂದರೆ ಮರೆತು ಕೂಡ್ರುವದಲ್ಲ. ಫ್ಲಾರಿಡಾದ ಹುಲ್ಲುಗಾವಲು ಸತ್ತದ್ದು ಹತ್ತಿರ ಹೋಗದವರಿಂದಲೇ ಎಂಬುವದನ್ನು ಮೇಲೆ ನೋಡಿದೆವು. ಇಂಡಿ ಸಿಂದಗಿಗಳಲ್ಲಿ ಭೀಮೆ ಹರಿಯುವದು, ಮುದ್ದೇಬಿಹಾಳದ ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಈ ಮೂರೂ ನೀರುಗಳಿಗೆ ನಮ್ಮ ಕಬ್ಬಿನ ಹೊಲದ ಗೊಬ್ಬರವೂ ಊರಿನ ಗಟಾರವೂ ಹೋಗಿ ಸೇರುವವು. ನಾವು ದಂಡೆಯಲ್ಲಿ ಚಪ್ಪಾಳೆ ತಟ್ಟದವರೆಂಬ ಮಾತ್ರಕ್ಕೆ ಹೆಬ್ಬಾತಿನ ಮಿತ್ರರೆಂದು ಹೇಳಿಕೊಳ್ಳಲಾರೆವು. ಕೈಯನ್ನು ಹಿಂದಕ್ಕೆ ತೆಗೆದುಕೊಂಡವನು ತನ್ನ ಮನೆಯ ಹೊಲಸನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕು. ನೀರುನಾಯಿಗಳ ಸಲುವಾಗಿ ನಮ್ಮ ಸರಕಾರವು 2015ರಲ್ಲಿ ತುಂಗಭದ್ರೆಯ 34 ಕಿಲೋಮೀಟರಿನ ಪಾತ್ರವನ್ನು ಮೀಸಲಿಟ್ಟಿತು. ಗದಗ ಜಿಲ್ಲೆಯ ಮಾಗಡಿ ಕೆರೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಮೀಸಲಿಡುವದು ಸರಕಾರದ ಕೆಲಸ. ಮೀಸಲಾದ ನೀರು ನೀರಾಗಿ ಉಳಿಯುವದು ದಂಡೆಯ ಮನೆಗಳ ಕೆಲಸ.

ಇಷ್ಟನ್ನು ವಿಚಾರಿಸಿದ ಮೇಲೆ ನಾನು ಮೊಮ್ಮಗಳಿಗೆ ಪತ್ರ ಬರೆದೆನು. ಮೊದಲು ನನ್ನ ಹೆಬ್ಬಾತಿನ ಕಥೆಯನ್ನು ಹೇಳಿ, ತಪ್ಪಿನಲ್ಲಿ ನಾವಿಬ್ಬರೂ ಜೊತೆಗಾರರೆಂದು ಒಪ್ಪಿಕೊಂಡೆನು. ಬಳಿಕ ನನ್ನ ನಿರ್ಣಯವನ್ನು ತಿಳಿಸಿದೆನು. ಕಾಡುಪ್ರಾಣಿಯ ನೀರಿಗೆ ಇಳಿಯುವದೇ ಪಾಪವೆಂದು ನಾನು ಹೇಳಲಾರೆನು. ಆದರೆ ಇಳಿಯುವವನು ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ನನ್ನನ್ನು ಬೇಡವೆನ್ನುವದಕ್ಕೆ ಅದಕ್ಕೆ ಬೇರೆ ಜಾಗವಿದೆಯೇ? ನನ್ನ ಸಂತೋಷದ ವೆಚ್ಚವನ್ನು ಅದು ತನ್ನ ನಿದ್ರೆಯಿಂದ, ಮೇವಿನಿಂದ, ಮೈಯ ಬಿಸಿಯಿಂದ ಕೊಡಬೇಕಾಗುವದೇ? ನಾನು ಹಿಂದಿರುಗಿದ ಮೇಲೆ ಅದರ ಋಣವನ್ನು ತೀರಿಸುವೆನೇ? ಚಳಿಗೆ ಹೆದರಿ ಬುಗ್ಗೆಗೆ ಬಂದ ಪ್ರಾಣಿಗೆ ಬೇರೆ ಜಾಗವಿಲ್ಲ. ಮನೆಯಲ್ಲಿ ಬಾಣಂತಿ ಮಲಗಿರುವಾಗ ಅತಿಥಿಯು ಎಷ್ಟೇ ಪ್ರೀತಿಯವನಾದರೂ ಹೊಸ್ತಿಲಲ್ಲಿಯೇ ನಿಲ್ಲುವನು. ಆದ್ದರಿಂದ ಚಳಿಗಾಲದ ಬುಗ್ಗೆಯ ವಿಷಯದಲ್ಲಿ ನಾನು ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಂಡಿರುವೆನು. ಹೋಗುವದು ಬಿಡುವದು ನಿನ್ನ ಮನಸ್ಸು ಎಂದು ಬರೆದೆನು.

ಕೆಲವು ವಾರಗಳ ತರುವಾಯ ಮಗುವು ತಂದೆಯೊಡನೆ ತಿರುಗಿ ಅಲ್ಲಿಗೆ ಹೋಯಿತು. ಆ ಬುಗ್ಗೆಗಳ ಸುತ್ತ ನಡೆದಾಡಲು ಕಟ್ಟಿಗೆಯ ಅಟ್ಟದ ದಾರಿಯುಂಟು. ಅಲ್ಲಿಂದ ತಿಳಿನೀರಿನಲ್ಲಿ ಮಲಗಿದ ಪ್ರಾಣಿಗಳು ಮೇಲಿನಿಂದ ಕಾಣುವವು. ಎರಡು ತಾಸು ನಿಂತು ನೋಡಿದರಂತೆ. ಹೇಗಿತ್ತೆಂದು ಕೇಳಿದೆನು. ಸುಳ್ಳು ಹೇಳಲು ಬಾರದ ವಯಸ್ಸು. “ಈಸಿದಷ್ಟು ಮಜಾ ಬರಲಿಲ್ಲ, ಅಜ್ಜಾ. ಸ್ವಲ್ಪ ಬ್ಯಾಸರಾತು. ಆದರ ಒಂದೂ ಏಳಲಿಲ್ಲ” ಎಂದಿತು.

ಆ ಸ್ವಲ್ಪ ಬೇಸರವನ್ನು ನಾನು ಬೆಲೆಯುಳ್ಳದ್ದೆಂದು ತಿಳಿದಿರುವೆನು. ಮೊದಲ ಸಲ ವೆಚ್ಚವನ್ನು ಕೊಟ್ಟದ್ದು ಆ ತಾಯಿ. ಈ ಸಲ ಕೊಟ್ಟವಳು ನನ್ನ ಮೊಮ್ಮಗಳು. ವರ್ಧಂತಿಯ ದಾನವು ತಡವಾಗಿಯಾದರೂ ಸಂದಿತೆಂದು ನಾನು ಎಣಿಸುವೆನು. ಇನ್ನು ನನ್ನ ಪಾಲಿನದು ಉಳಿದಿರುವದು. ಅಂದು ಗದರಿಸಿದ ಆ ಕುರಿಗಾರರ ಹುಡುಗನು ಈಗ ದೊಡ್ಡವನಾಗಿ ದುಡಿಮೆಗೆಂದು ದೂರ ಹೋಗಿರುವನೆಂದು ಕೇಳಿದೆನು. ಬರುವ ಚಳಿಗಾಲದಲ್ಲಿ ಹೆಬ್ಬಾತುಗಳು ಆಲಮಟ್ಟಿಯ ಹಿನ್ನೀರಿಗೆ ಇಳಿದಾಗ, ನಮ್ಮ ಓಣಿಯ ಮಕ್ಕಳನ್ನು ಕರೆದುಕೊಂಡು ಹೋಗಿ ದೂರದ ದಿನ್ನೆಯ ಮೇಲೆ ಕೂಡ್ರಿಸಿ, ಅವನು ಹೇಳಿದ ಆ ಒಂದು ಮಾತನ್ನೇ ಅವರಿಗೆ ಪಾಠವಾಗಿ ಹೇಳಬೇಕೆಂದಿರುವೆನು.